ದಯವಿಟ್ಟು ಕಾಯಿರಿ

ಕೆ.ಆರ್. ಪೇಟೆ ಬಸ್ ನಿಲ್ದಾಣದ ಗೋಡೆಗೆ ಒರಗಿಸಿದ್ದ ಪ್ಲೈವುಡ್ ಪೆಟ್ಟಿಗೆಯೊಳಗೆ ಸ್ನೇಹ ಮಂಡಿ ಮಡಚಿ ಕೂತಿದ್ದಳು. ಹೊರಗೆ ನಿಂತವರ ಪಾಲಿಗೆ ಅದೊಂದು ಯಂತ್ರ. ಎದುರಿಗೆ ಗಾಜು, ಗಾಜಿನ ಹಿಂದೆ ಊರುಗಳ ಹೆಸರು. ಮೇಲುಕೋಟೆ ಎಂಬಲ್ಲಿ ಬೆರಳಿಟ್ಟರೆ ಮೇಲುಕೋಟೆ ಬಸ್ಸಿನ ವೇಳೆ ಕಾಣುತ್ತಿತ್ತು. ಒಳಗೆ ಕಂಪ್ಯೂಟರೂ ಇರಲಿಲ್ಲ, ತಂತಿಯೂ ಇರಲಿಲ್ಲ. ಬೆರಳಿನ ನೆರಳು ಎಲ್ಲಿ ಬಿತ್ತೆಂದು ನೋಡಿಕೊಂಡು ಸ್ನೇಹಳೇ ಒಂದು ಹಾಳೆ ಎಳೆದು ಇನ್ನೊಂದನ್ನು ಸಿಕ್ಕಿಸುತ್ತಿದ್ದಳು.

ಅದು ತೊಂಬತ್ತೇಳನೇ ಇಸವಿ. ಮೈಸೂರಿನ ಒಂದು ಸಣ್ಣ ಕಂಪನಿ, ಬೆರಳು ಮುಟ್ಟಿದರೆ ಬಸ್ಸಿನ ವಿವರ ಹೇಳುವ ಯಂತ್ರ ಮಾಡಹೊರಟಿತ್ತು. ಪಾಂಡವಪುರದ ಹುಡುಗಿ ಸ್ನೇಹ ಅಲ್ಲಿ ವಿನ್ಯಾಸದ ಕೆಲಸಕ್ಕಿದ್ದಳು. ನಿಜವಾದ ಯಂತ್ರಕ್ಕೆ ಕೈಹಾಕುವ ಮುಂಚೆ ಕಾಗದದಲ್ಲೇ ಒಂದು ಮಾದರಿ ಮಾಡಿ ಜನರ ಮುಂದಿಡೋಣ, ತಪ್ಪುವುದಾದರೆ ಕಾಗದದಲ್ಲೇ ತಪ್ಪಲಿ ಎಂದು ಎಲ್ಲರನ್ನೂ ಒಪ್ಪಿಸಿದವಳು ಅವಳೇ. ಒಳಗೆ ಆಳಿರುವುದು ಯಾರಿಗೂ ತಿಳಿಯಬಾರದು, ಒಳಗಿದ್ದವರು ಮಾತಾಡಬಾರದು. ಜೊತೆಗಾರ ನಾಗಮಂಗಲದ ದೇವರಾಜು ಹೊರಗೆ ನಿಂತು, ಜನ ಎಲ್ಲಿ ತಡವರಿಸುತ್ತಾರೆಂದು ಗಮನಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕಿಯ ದನಿ ಗಾಜಿಗೆ ತೀರಾ ಹತ್ತಿರ ಬಂತು.

"ನನ್ ಮಗಳು ಪಾರ್ವತಿ ಸಂತೆಬಾಚಹಳ್ಳಿಗೆ ವೋದೋಳು ಯಾವ ಬಸ್ಸಲ್ಲಿ ಬತ್ತಾಳವ್ವ?"

ಬೆರಳಿಡಲಿಲ್ಲ, ಬಾಯಲ್ಲೇ ಕೇಳಿದಳು. ಇಂಥ ಪ್ರಶ್ನೆಗೆ ಸ್ನೇಹಳ ಬಳಿ ಹಾಳೆಯೇ ಇರಲಿಲ್ಲ. ಹಿಂದೆ ಜನ ಗೊಣಗುತ್ತಿದ್ದರು. ಗಾಬರಿಯಲ್ಲಿ ಕೈಗೆ ಸಿಕ್ಕ ಹಾಳೆಯನ್ನು ಸಿಕ್ಕಿಸಿಬಿಟ್ಟಳು. ಅದರ ಮೇಲಿತ್ತು: ದಯವಿಟ್ಟು ಕಾಯಿರಿ.

"ಏನಂತದಪ್ಪ?" ಮುದುಕಿ ಪಕ್ಕದವನನ್ನು ಕೇಳಿದಳು.

"ಕಾಯಿ ಅಂತದೆ ಕಣಜ್ಜಿ."

ಮಾರನೆಯ ದಿನ ಸ್ನೇಹ ಬರುವಷ್ಟರಲ್ಲಿ ಮುದುಕಿ ಪೆಟ್ಟಿಗೆಯ ಎದುರಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಸಂತೆಬಾಚಹಳ್ಳಿ ಬಸ್ಸು ಬಂದಾಗಲೆಲ್ಲ ಎದ್ದು, ಇಳಿಯುವವರ ಮುಖವನ್ನು ಒಂದೊಂದಾಗಿ ನೋಡಿ, ಮತ್ತೆ ಬಂದು ಕೂರುತ್ತಿದ್ದಳು. ಕಡಲೆಕಾಯಿ ಮಾರುವ ಮರಿಯಯ್ಯನನ್ನು ದೇವರಾಜು ವಿಚಾರಿಸಿದ.

"ಸಿದ್ದಲಿಂಗಮ್ಮ ಅಂತ. ಮಗಳು ಬಸ್ ಅತ್ತಿ ವೋದೋಳು ಊರು ಸೇರ್ನೇ ಇಲ್ಲ. ಎಷ್ಟೋ ವರ್ಸ ಆಗೋಯ್ತು. ಮೊದಮೊದ್ಲು ಈಯಮ್ಮ ಇಂಗೇ ಬಂದು ಕೂತ್ಕೋತಿತ್ತು, ಆಮೇಲೆ ಎಂಗೋ ಮನ್ಸ ಗಟ್ಟಿ ಮಾಡ್ಕಂಡು ಬುಟ್ಬುಟ್ಟಿತ್ತು. ಈಗ ನಿಮ್ಮ ಮಿಸಿನ್ನು ಕಾಯಿ ಅಂದದಂತಲ್ಲ, ತಿರ್ಗ ಸುರುವಾಯ್ತು ನೋಡಿ."

ಒಳಗಿಂದಲೇ ಕೇಳಿಸಿಕೊಂಡ ಸ್ನೇಹ ಕೈಲಿದ್ದ ಹಾಳೆಗಳನ್ನು ಬದಿಗಿಟ್ಟಳು. ಆಚೆ ಬಂದು ಹೇಳಿಬಿಡುತ್ತೇನೆ ಎಂದಳು. ದೇವರಾಜು ತಡೆದ. "ಎಲ್ರಿಗೂ ಗೊತ್ತಾಗೋಯ್ತದೆ ಮೇಡಂ. ಮಾಡಿದ್ದೆಲ್ಲ ನೀರಲ್ಲಿ ಹೋಮ."

"ಆಗ್ಲಿ ಬಿಡಿ."

ಅವಳು ಸಿದ್ದಲಿಂಗಮ್ಮನನ್ನು ಕರೆತಂದು ಪೆಟ್ಟಿಗೆಯ ಹಿಂಬಾಗಿಲು ತೆರೆದು ತೋರಿಸಿದಳು. ಹಾಳೆಗಳು, ಅಂಟಿನ ಡಬ್ಬಿ, ಕೂರಲು ಮಡಚಿಟ್ಟ ಗೋಣಿ.

"ಇದು ಮಿಸಿನ್ ಅಲ್ಲಜ್ಜಿ. ಒಳಗಿದ್ದಿದ್ದು ನಾನು. ನಿಮ್ಮ ಮಗಳ ವಿಷ್ಯ ನಂಗೇನೂ ಗೊತ್ತಿಲ್ಲ. ಆ ಹಾಳೆ ಕೈಗೆ ಸಿಕ್ತು, ಇಟ್ಬಿಟ್ಟೆ. ತಪ್ಪಾಯ್ತು."

ಮುದುಕಿ ಸಿಟ್ಟಾಗಲಿಲ್ಲ. ಸ್ನೇಹಳ ಮುಂಗೈ ಹಿಡಿದು ಹಸಿರು ಬಳೆಗಳನ್ನು ಸವರಿದಳು. "ಯಾರೋ ಅವ್ರೆ ಅಂತ ಗೊತ್ತಿತ್ತು ಕಣವ್ವ. ಬಳೆ ಸದ್ದಾಯ್ತಿತ್ತು." ಆಮೇಲೆ, "ಒಸಿ ಒಳೀಕೋಗಿ ಬಾಗ್ಲಾಕೊತೀಯಾ? ಮೊಕ ನೋಡ್ಕಂಡು ಯೋಳಕಾಗಾಕಿಲ್ಲ" ಎಂದಳು.

ಸ್ನೇಹ ಒಳಗೆ ಹೋಗಿ ಕೂತಳು.

ಸಿದ್ದಲಿಂಗಮ್ಮ ಗಾಜಿಗೆ ಹಣೆಯಿಟ್ಟು ಮನೆಯ ಸುದ್ದಿ ಹೇಳತೊಡಗಿದಳು. ನಿನ್ನಣ್ಣನಿಗೆ ಹೆಣ್ಣುಮಗು ಆಗಿದೆ. ಹಿತ್ತಲ ಸೀಬೆಗಿಡಕ್ಕೆ ಹುಳ ಬಿದ್ದು ಕಡಿಸಿದೆವು. ನಿನ್ನ ಕೆಂಪು ಸೀರೆ ಯಾರಿಗೂ ಕೊಟ್ಟಿಲ್ಲ. ನೀನು ಸಾಕಿದ ಕೆಂದೆಮ್ಮೆ ಮುದಿಯಾಗಿ ಸತ್ತಿತು, ಅದರ ಕರು ಮಾತ್ರ ಥೇಟು ನಿನ್ನ ಹಾಗೇ, ಕರೆದ ಕಡೆ ಬರುವುದೇ ಇಲ್ಲ.

ಒಳಗೆ ಸೆಕೆ. ಆದರೂ ಸ್ನೇಹಳ ಬೆನ್ನಿಗೆ ಯಾರೋ ಒರಗಿ ಕೂತಂತೆ ತಣ್ಣಗಾಯಿತು. ಹಿಂತಿರುಗಿ ನೋಡಲು ಅಲ್ಲಿ ಜಾಗವಿರಲಿಲ್ಲ.

"ಕೇಳಿಸ್ತಾ ಪಾರ್ವತಿ?"

ಸುತ್ತ ಅಷ್ಟೊಂದು ಹಾಳೆಗಳಿದ್ದವು, ಇದಕ್ಕೆ ಒಂದೂ ಹೊಂದಲಿಲ್ಲ. "ಕೇಳಿಸ್ತು ಕಣವ್ವ" ಎಂದಳು ಸ್ನೇಹ.

ಹೊರಗೆ ಸೆರಗಿನಿಂದ ಗಾಜು ಒರೆಸಿದ ಸದ್ದಾಯಿತು. ಸ್ನೇಹ ಹೊರಬಂದಾಗ ಮುದುಕಿ ತನ್ನೂರಿನ ಬಸ್ಸು ಹತ್ತುತ್ತಿದ್ದಳು. ತಿರುಗಿ ನೋಡಲಿಲ್ಲ. ಆಮೇಲೆ ಅವಳು ನಿಲ್ದಾಣಕ್ಕೆ ಬಂದು ಕೂತದ್ದನ್ನು ಕಂಡಿಲ್ಲವೆಂದು ಮರಿಯಯ್ಯ ಮುಂದೊಮ್ಮೆ ಹೇಳಿದ.

"ನೀವು ಆ ಅಜ್ಜಿಗೆ ಏನಂದ್ರಿ?" ದೇವರಾಜು ಕೇಳಿದ. ಅವನ ಮುಖ ಬಿಳಿಚಿತ್ತು.

"ಕೇಳಿಸ್ತು ಅಂದೆ. ಅಷ್ಟೇ."

"ಅದ್ಕೂ ಮುಂಚೆ? ಕರುವಿನ ಸುದ್ದಿ ಯೋಳ್ತಿರ್ವಾಗ?"

"ಏನೂ ಅನ್ಲಿಲ್ಲ. ಯಾಕೆ?"

"ನಕ್ಕಿದ್ದು ಕೇಳಿಸ್ತು ಮೇಡಂ. ಅಜ್ಜಿಗೂ ಕೇಳಿಸ್ತು."

ಸ್ನೇಹ ನಕ್ಕಿರಲಿಲ್ಲ. ಅಳು ಬಾರದಂತೆ ಸೆರಗು ಕಚ್ಚಿಕೊಂಡು ಕೂತಿದ್ದವಳು ಅವಳು.

ಮೈಸೂರಿಗೆ ಕೊಟ್ಟ ವರದಿಯಲ್ಲಿ ಸ್ನೇಹ, ಯಂತ್ರಕ್ಕೆ ತಿಳಿಯದ್ದನ್ನು ತಿಳಿಯದು ಎಂದೇ ಹೇಳಿಸಬೇಕು, ಕಾಯಿರಿ ಎನ್ನಿಸಬಾರದು ಎಂದು ಬರೆದಳು. ಕಂಪನಿಯವರು ಒಪ್ಪಿದರು. ಒಳ್ಳೆಯ ಮಾದರಿ, ಕೆಲಸ ಮುಗಿಯಿತು, ಒಡೆದುಹಾಕಿ ಎಂದರು.

ಕಚೇರಿಯ ಹಿತ್ತಲಲ್ಲಿ ದೇವರಾಜು ಸುತ್ತಿಗೆ ಹಿಡಿದು ಪೆಟ್ಟಿಗೆಯ ಮುಂದೆ ನಿಂತ. ಮೊದಲ ಪೆಟ್ಟು ಹಾಕುವ ಮುನ್ನ ಬೆರಳ ಗೆಣ್ಣಿನಿಂದ ಹಲಗೆಯನ್ನು ಮೆಲ್ಲಗೆ ತಟ್ಟಿ, ಒಳಗಿರುವವರು ಎದ್ದು ಬರಲೆಂಬಂತೆ ಸ್ವಲ್ಪ ಹೊತ್ತು ತಡೆದ. ಸ್ನೇಹ ಅವನ ಪಕ್ಕದಲ್ಲೇ ನಿಂತಿದ್ದಳು.