ನಿರುಪಮಾ ಜಾರಿ ಬಿದ್ದಳೇ?

ಮೂಡಿಗೆರೆ ಬಸ್ ನಿಲ್ದಾಣದ ಎದುರಿನ ಸೈಬರ್ ಕೆಫೆಗೆ ದೀಪಶ್ರೀ ಮೊದಲು ಹೋದದ್ದು ಬಿ.ಎಡ್. ಸೀಟಿನ ವಿಚಾರಕ್ಕೆ. ಆ ಕೆಲಸ ಮುಗಿದ ಮೇಲೂ ಹೋಗುತ್ತಿದ್ದಳು. ಸಂಜೆಯ ಧಾರಾವಾಹಿಯೊಂದನ್ನು ನೋಡುವವರು ಆರ್ಕುಟ್ ಎಂಬ ಜಾಲತಾಣದಲ್ಲಿ ಗುಂಪು ಕಟ್ಟಿಕೊಂಡಿದ್ದರು. ದಾವಣಗೆರೆಯವರು, ದುಬೈಯವರು, ಯಾರ್ಯಾರೋ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತ ಅಲ್ಲಿ ಜಗಳವಾಡುತ್ತಿದ್ದರು. ಮೊನ್ನೆ ಕಣ್ಣು ಕಳೆದುಕೊಂಡ ಅತ್ತೆ ಇವತ್ತು ಸೂಜಿಗೆ ದಾರ ಪೋಣಿಸಿದ್ದು ಹೇಗೆ ಎಂದು ಒಬ್ಬರು ಕೇಳಿದರೆ ಇನ್ನೊಬ್ಬರು ನಿರ್ದೇಶಕನ ಪರ ವಕಾಲತ್ತು ವಹಿಸುತ್ತಿದ್ದರು.

ಅಕ್ಕ ರೂಪಶ್ರೀ ತೀರಿಕೊಂಡ ಮೇಲೆ ದೀಪಶ್ರೀ ನಗುತ್ತಿದ್ದದ್ದು ಅಲ್ಲೊಂದೇ ಕಡೆ. ಅಕ್ಕನನ್ನು ಕಳಸದ ಹತ್ತಿರದ ಎಸ್ಟೇಟಿಗೆ ಕೊಟ್ಟಿದ್ದರು. ಹೋದ ವರ್ಷ, ಬಟ್ಟೆ ಒಗೆಯಲು ಹೋಗಿ ತೋಟದ ಕೆರೆಗೆ ಜಾರಿ ಬಿದ್ದಳು ಎಂದು ಭಾವ ಪ್ರಶಾಂತ್ ಫೋನು ಮಾಡಿದ್ದ. ಅವಳ ಹೆಣ್ಣುಮಗು ಆಗಿನ್ನೂ ತಪ್ಪುಹೆಜ್ಜೆ ಇಡುತ್ತಿತ್ತು. ಈಗ ಅದೇ ಪ್ರಶಾಂತನಿಗೆ ದೀಪಶ್ರೀಯನ್ನು ಕೊಡುವ ಮಾತು ನಡೆದಿತ್ತು. ‘ಮಲತಾಯಿ ಬರೋದಕ್ಕಿಂತ ಚಿಕ್ಕಮ್ಮನೇ ತಾಯಿಯಾಗೋದು ವಾಸಿ ಅಲ್ವೇನೆ’ ಎಂದು ಅಮ್ಮ ತುಂಗಮ್ಮ ಕೇಳಿದಾಗ, ಮಗುವಿನ ಮುಖ ನೆನೆದು ದೀಪಶ್ರೀ ಹೂಂ ಅಂದಿದ್ದಳು.

ಆ ವಾರ ಧಾರಾವಾಹಿಯ ನಿರುಪಮಾ ಬಾವಿಗೆ ಬಿದ್ದು ಸತ್ತಳು. ಗುಂಪಿನಲ್ಲಿ ದೊಡ್ಡ ರಾದ್ಧಾಂತ. ಅಡುಗೆಮನೆಯಲ್ಲಿ ನಲ್ಲಿ ಇರುವಾಗ ಬಾವಿಗೆ ಯಾಕೆ ಹೋದಳು? ಬರೆಯುವವನಿಗೆ ಬುದ್ಧಿ ಇಲ್ಲ ಎಂದರು. ದೀಪಶ್ರೀಗೆ ಸಿಟ್ಟು ಬಂತು. ಹೀಗೂ ಆಗುತ್ತದೆ, ನನ್ನ ಅಕ್ಕನಿಗೂ ಮನೆಯಲ್ಲಿ ನಲ್ಲಿ ಇತ್ತು, ಆದರೂ ಬಟ್ಟೆ ಒಗೆಯಲು ಕೆರೆಗೆ ಹೋಗಿ ಜಾರಿದಳು ಎಂದು ಬರೆದಳು.

ಮರುದಿನ ಹಾಸನದ ಯಾರೋ ಹೆಂಗಸು ಉತ್ತರ ಬರೆದಿದ್ದಳು. ‘ಬೇಜಾರು ಮಾಡ್ಕೋಬೇಡಿ. ಕೆರೆ ಹತ್ರ ಒದ್ದೆ ಬಟ್ಟೆ ಇತ್ತಾ?’ ಅದರ ಕೆಳಗೆ ಇನ್ಯಾರೋ ನಿರುಪಮಾಳ ತಾಯಿಯ ಮಾತು ಎತ್ತಿದ್ದರು: ಮಗಳು ಸತ್ತರೂ ತಾಯಿ ಒಂದು ಪ್ರಶ್ನೆ ಕೇಳುವುದಿಲ್ಲ, ಇಂಥ ತಾಯಿ ಎಲ್ಲಾದರೂ ಇರುತ್ತಾಳಾ?

ದೀಪಶ್ರೀಗೆ ಆ ದಿನ ನೆನಪಾಯಿತು. ಅಕ್ಕನನ್ನು ಜಗಲಿಯಲ್ಲಿ ಮಲಗಿಸಿದ್ದಾಗ ಅವಳ ಮೈಮೇಲೆ ಇದ್ದದ್ದು ಹಸಿರು ರೇಷ್ಮೆ ಸೀರೆ. ಊರಿಗೆ ಹೊರಡುವಾಗ ಉಡುತ್ತಿದ್ದದ್ದು.

ಮನೆಗೆ ಬಂದಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು.

‘ಅಮ್ಮ, ಅಕ್ಕ ರೇಷ್ಮೆ ಸೀರೆ ಉಟ್ಕೊಂಡು ಬಟ್ಟೆ ಒಗಿಯಕ್ಕೆ ಹೋಗಿದ್ಲಾ?’

ತುಂಗಮ್ಮನ ಕೈ ಮೊರದಲ್ಲೇ ನಿಂತಿತು. ಮೊರ ಪಕ್ಕಕ್ಕಿಟ್ಟು ಹೇಳಿದಳು. ‘ಸಾಯೋ ಹಿಂದಿನ ದಿನ ಇಲ್ಲಿಗೆ ಬಂದಿದ್ಲು. ನೀನು ಕಾಲೇಜಿಗೆ ಹೋಗಿದ್ದೆ. ಹೊಡಿತಾರೆ, ನಾನಿನ್ನು ಅಲ್ಲಿ ಇರಲ್ಲ ಅಂತ ಅತ್ಲು. ಮಧ್ಯಾಹ್ನದ ಕಳಸದ ಬಸ್ಸಿಗೆ ನಾನೇ ಹತ್ತಿಸ್ದೆ.’

‘ಯಾಕಮ್ಮ?’

‘ನೀನೊಬ್ಳು ಮದುವೆಗೆ ಇದ್ಯಲ್ಲ ಮನೇಲಿ.’

‘ಇಷ್ಟು ಗೊತ್ತಿದ್ದೂ ನನ್ನನ್ನೂ ಅಲ್ಲಿಗೇ ಕೊಡಕ್ಕೆ ಹೊರಟ್ಯಲ್ಲ!’

‘ಜಾರಿ ಬಿದ್ಲು ಅಂತ್ಲೇ ನಂಬ್ಕೊಂಡಿದ್ದೆ ಕಣೆ. ನಂಬದೇ ಇದ್ರೆ ನಾನು ಬದುಕೋದು ಹ್ಯಾಗೆ?’ ತುಂಗಮ್ಮ ಮುಖ ಮುಚ್ಚಿಕೊಂಡಳು. ದೀಪಶ್ರೀ ಅವಳನ್ನು ಸಮಾಧಾನ ಮಾಡಲಿಲ್ಲ.

ಮಾರನೆಯ ದಿನ ಇಬ್ಬರೂ ಜೀಪು ಮಾಡಿಕೊಂಡು ಎಸ್ಟೇಟಿಗೆ ಹೋದರು. ಪ್ರಶಾಂತ್ ಗೇಟಿನ ಹತ್ತಿರವೇ ಎದುರಾದ. ಮದುವೆ ಆಗುವುದಿಲ್ಲ, ಮಗುವನ್ನು ನಮಗೆ ಕೊಡಿ ಎಂದಳು ದೀಪಶ್ರೀ.

‘ನೀನು ಬರಲ್ಲ ಅಂದ್ಮೇಲೆ ಮಗು ಯಾಕೆ ಕೊಡ್ಲಿ?’

ಆಗ ತುಂಗಮ್ಮ ಮುಂದೆ ಬಂದು, ಕಾಫಿ ಕೊಯ್ಲಿನ ಆಳುಗಳೆಲ್ಲ ಕೇಳುವ ಹಾಗೆ ಕೂಗಿದಳು. ‘ಬಟ್ಟೆ ಒಗಿಯೋಳು ರೇಷ್ಮೆ ಸೀರೆ ಯಾಕೆ ಉಟ್ಟಿದ್ಲು ಪ್ರಶಾಂತ್? ಎಲ್ಲಿಗೆ ಹೊರಟಿದ್ಲು ನನ್ನ ಮಗಳು?’

ಆಳುಗಳು ತಲೆ ತಗ್ಗಿಸಿದರು. ಪ್ರಶಾಂತ್ ಗೇಟು ಹಾಕಿ ಚಿಲಕ ಎಳೆದ.

ಪೊಲೀಸರ ಹತ್ತಿರವೂ ಹೋಗಿ ಬಂದರು. ದೇಹ ಸುಟ್ಟಾಗಿದೆ, ಆಗ ನೀವೇ ಅನುಮಾನವಿಲ್ಲ ಎಂದು ಸಹಿ ಹಾಕಿದ್ದೀರಿ ಎಂದು ಹೇಳಿ ವಾಪಸು ಕಳಿಸಿದರು. ಸಹಿ ತುಂಗಮ್ಮನದೇ ಆಗಿತ್ತು.

ಮುಂಗಾರಿಗೆ ಮೊದಲೇ ಪ್ರಶಾಂತ್ ವಸ್ತಾರೆ ಕಡೆಯ ಹುಡುಗಿಯನ್ನು ಮದುವೆಯಾದ. ಮುಂದೊಂದು ದಿನ ಕಳಸದ ಪೇಟೆಯಲ್ಲಿ ಆ ಹುಡುಗಿ ಮಗುವಿನ ಕೈ ಹಿಡಿದು ಬರುತ್ತಿದ್ದುದನ್ನು ದೀಪಶ್ರೀ ಕಂಡಳು. ಅವಳ ಕುತ್ತಿಗೆಯ ಪಕ್ಕ ನೀಲಿಗಟ್ಟಿದ ಗುರುತಿತ್ತು. ಹತ್ತಿರ ಹೋಗಿ, ‘ನಾನು ರೂಪಶ್ರೀ ತಂಗಿ. ನಿಮ್ಮಮ್ಮನ ಮನೆ ವಸ್ತಾರೇಲಿ ಎಲ್ಲಿ? ನಾನು ಹೋಗಿ ಅವರ ಹತ್ರ ಮಾತಾಡ್ತೀನಿ’ ಎಂದು ಕೇಳಿದಳು. ಹುಡುಗಿ ಸೆರಗನ್ನು ಮೇಲಕ್ಕೆಳೆದುಕೊಂಡು, ಹಿಂದೆ ಮುಂದೆ ನೋಡಿ, ಮೆಲ್ಲಗೆ ಮನೆಯ ಗುರುತು ಹೇಳತೊಡಗಿದಳು.