ಮೇನ್ ಆಫ್ ಮಾಡಿದ ಮೂವತ್ತೆಂಟು ನಿಮಿಷ

ಹದಿನಾರು ವರ್ಷ ರಾಂಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿದ ಕೈ ಇದು. ವೋಲ್ಟೇಜ್ ಕುಣಿಯಿತೆಂದರೆ ಮೊದಲು ಮೇನ್ ಆಫ್, ಮಾತೆಲ್ಲ ಆಮೇಲೆ. ಹಾಗೆ ಮಾಡದವರ ಮೋಟಾರುಗಳೇ ಸುಟ್ಟ ವಾಸನೆ ಹೊತ್ತು ನನ್ನ ಅಂಗಡಿಗೆ ಬರುತ್ತಿದ್ದವು. ಇದೇ ಬುದ್ಧಿ ಕಟ್ಟಿಕೊಂಡು ದೂರದರ್ಶಕ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ, ನನ್ನ ಕರ್ಮ.

ದೂರದರ್ಶಕ ಒಂದು ಕಾಲೇಜಿನದು. ಬ್ರಹ್ಮಗಿರಿ ಗುಡ್ಡದ ಆಚೆ ಬಯಲಿನಲ್ಲಿ, ತಗಡಿನ ಚಾವಣಿ ಸರಿಸುವ ಒಂದು ಕೋಣೆಯಲ್ಲಿದೆ. ಅದರಲ್ಲಿ ಸಂಶೋಧನೆ ಮಾಡುವವಳು ಶಶಿರೇಖಾ, ಮೊಳಕಾಲ್ಮೂರಿನ ಹುಡುಗಿ. ಅವಳು ಹಿಡಿದು ಕೂತಿರುವುದು ಒಂದೇ ಒಂದು ಗ್ಯಾಲಕ್ಸಿಯನ್ನು. ಅದರ ನಡುವಿನ ಕಪ್ಪುಕುಳಿ ನುಂಗದೆ ಬಿಟ್ಟದ್ದು ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲೇ ಹೊರಗೆ ಚಿಮ್ಮುತ್ತದಂತೆ. ಆ ಧಾರೆ ನೇರ ನಮ್ಮ ಮುಖಕ್ಕೇ ಇದೆಯಂತೆ. ಹಾಗಾಗಿ ಅದರ ಹೊಳಪು ಕೆಲವೇ ನಿಮಿಷಗಳಲ್ಲಿ ಏರಿ ಇಳಿಯಬಹುದು. ಹಾಗೆ ಏರಿದ್ದನ್ನು ಒಮ್ಮೆ ಪೂರ್ತಿ ಹಿಡಿದರೆ ಅವಳ ಪಿಎಚ್‌ಡಿ ಮುಗಿದಂತೆ. ಎರಡು ವರ್ಷದಿಂದ ಅದು ಮಿಸುಕಾಡಿರಲಿಲ್ಲ.

ಕಂಪ್ಯೂಟರಿನಲ್ಲಿ ಎರಡು ಗೆರೆ ಓಡುತ್ತವೆ. ಮೇಲಿನದು ಗ್ಯಾಲಕ್ಸಿಯದು, ಕೆಳಗಿನದು ಪಕ್ಕದ ಒಂದು ಸಾದಾ ನಕ್ಷತ್ರದ್ದು.

"ಓಬಳೇಶಣ್ಣ, ಎರಡೂ ಒಟ್ಟಿಗೆ ಏರಿದ್ರೆ ತೊಂದ್ರೆ ನಮ್ದು. ಮೇಲಿಂದು ಒಂದೇ ಏರಿದ್ರೆ ಏನೂ ಮುಟ್ಟಬ್ಯಾಡ್ರಿ, ನಂಗೆ ಫೋನ್ ಮಾಡ್ರಿ" ಎಂದು ನೂರು ಸಲ ಹೇಳಿದ್ದಳು.

ಸೋಮವಾರ ಅವಳು ಗೈಡನ್ನು ಕಾಣಲು ಹೋಗಿದ್ದಳು. ರಾತ್ರಿ ಎಂಟರ ಹೊತ್ತಿಗೆ ಮೇಲಿನ ಗೆರೆ ಎದ್ದಿತು. ಅಂದು ಬೆಳಗಿನಿಂದಲೇ ಕರೆಂಟು ಆಟ ಆಡಿಸುತ್ತಿತ್ತು. ಕೆಳಗಿನ ಗೆರೆಯ ಕಡೆ ನಾನು ಕಣ್ಣೇ ಹಾಯಿಸಲಿಲ್ಲ. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಸುಟ್ಟೀತೆಂದು ಮೇನ್ ಆಫ್ ಮಾಡಿಬಿಟ್ಟೆ. ಸ್ಟೆಬಿಲೈಜರ್ ಬಿಚ್ಚಿ ನೋಡಿ, ಎಲ್ಲವನ್ನೂ ಮತ್ತೆ ಶುರು ಮಾಡುವಷ್ಟರಲ್ಲಿ ಮೂವತ್ತೆಂಟು ನಿಮಿಷ ಕಳೆದಿತ್ತು. ಗೆರೆ ಹಳೆಯ ಜಾಗದಲ್ಲೇ ತೆಪ್ಪಗೆ ಮಲಗಿತ್ತು. ರಿಪೇರಿ ಆಯಿತೆಂದು ಬೀಗಿ ಬೀಡಿ ಹಚ್ಚಿದೆ, ಮುಟ್ಠಾಳ.

ಬೆಳಿಗ್ಗೆ ರಾತ್ರಿಯ ಫೈಲು ತೆರೆದು ಎರಡೂ ಗೆರೆ ನೋಡಿದೆ. ನಾನು ಆಫ್ ಮಾಡುವವರೆಗೂ ಕೆಳಗಿನ ಗೆರೆ ಅಲುಗಾಡಿರಲೇ ಇಲ್ಲ.

ಅಷ್ಟರಲ್ಲಿ ಶಶಿರೇಖಾಳ ಫೋನು. ಅವಳೂ ಅಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಫೈಲು ನೋಡಿದ್ದಳು. "ಅಣ್ಣ, ಏರ್ತಾ ಏರ್ತಾ ನಡುವೆ ಖಾಲಿ ಐತಲ್ಲ! ಕರೆಂಟ್ ಹೋಗಿತ್ತಾ?"

ಹೂಂ ಅಂದಿದ್ದರೆ ಮುಗಿದಿತ್ತು. ಈ ಸೀಮೆಯಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ ತಾಯಿ. ನಾನೇ ಆಫ್ ಮಾಡ್ದೆ. ವೋಲ್ಟೇಜ್ ಅಂದ್ಕಂಡೆ."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

"ಬ್ಯಾರೆ ಊರಾಗೆ, ಬ್ಯಾರೆ ದೇಶದಾಗೆ ಯಾರಾನಾ ನೋಡಿರ್ತಾರೆ, ಕೇಳು ತಾಯಿ" ಎಂದೆ.

"ನಿಮ್ಗೆ ಫೋನ್ ಮಾಡೋಕೆ ಮುಂಚೆನೇ ಎಲ್ಲಾರನ್ನೂ ಕೇಳ್ದೆ ಅಣ್ಣ. ಕೆಲವು ಕಡೆ ಮೋಡ, ಕೆಲವು ಕಡೆ ಹಗಲು. ಯಾರೂ ನೋಡಿಲ್ಲ."

ಕೋಟಿಗಟ್ಟಲೆ ವರ್ಷ ನಡೆದು ಬಂದ ಬೆಳಕು ಅದು. ಇನ್ನೊಂದು ಸಲ ಬಾ ಎಂದು ಯಾರ ಕಾಲು ಹಿಡಿಯಲಿ? ಹಿಡಿಯಲು ಕಾಲೂ ಇಲ್ಲ. ಜೀವನದಲ್ಲಿ ಇಷ್ಟು ಕೈಲಾಗದವನು ನಾನು ಯಾವತ್ತೂ ಆಗಿರಲಿಲ್ಲ.

ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ನೀವು ಆಫ್ ಮಾಡೋವಾಗ ಇನ್ನೂ ಏರ್ತಿತ್ತಾ?"

"ಏರ್ತಿತ್ತು."

"ಎಲ್ಲೀಗಂಟ ಹೋಗಿರಬೋದು ಅಣ್ಣ?"

"ಗೊತ್ತಿಲ್ಲ ತಾಯಿ" ಎಂದೆ. ಇಡೀ ಭೂಮಿಯ ಮೇಲೆ ಆ ಹೊತ್ತಿನಲ್ಲಿ ಅದರ ಎದುರು ಕೂತಿದ್ದವನು ನಾನೊಬ್ಬನೇ.