ಭಾವನ ಕೆಂಪು ಹುಸಿಮೀನು

ಭಾವ ತೀರಿಕೊಂಡ ಮೇಲೆ ಅವರ ಗಾಳದ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಚಳಿ ಹಿಂದೆ ಸರಿಯುತ್ತಿದ್ದ ಒಂದು ಭಾನುವಾರ ಅಕ್ಕ ಅದನ್ನು ಅಟ್ಟದಿಂದ ಇಳಿಸಿ ಅಡುಗೆಮನೆಯ ಮೇಜಿನ ಮೇಲೆ ತೆರೆದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಪೆಟ್ಟಿಗೆಯಲ್ಲಿದ್ದ ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಸಣ್ಣ ಮೀನನ್ನು ಹಿಡಿದು ತಿನ್ನುವ ದೊಡ್ಡ ಮೀನುಗಳನ್ನು ಮರುಳು ಮಾಡುವ ಹುಸಿಮೀನುಗಳು ಅವು: ತಗಡಿನವು, ರಬ್ಬರಿನವು, ಮೂಲೆಯಲ್ಲಿ ಮರದ್ದೊಂದು ಕೆಂಪನೆಯದು.

ಕೆಂಪನೆಯದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕಳೆದುಹೋದೀತೆಂದು ಭಾವ ಅದನ್ನು ನೀರಿಗೇ ಇಳಿಸಿರಲಿಲ್ಲವಂತೆ. ಅಕ್ಕ ಅದನ್ನೇ ಆರಿಸಿಕೊಂಡಳು.

ನಾನು ಲಿಫ್ಟ್ ರಿಪೇರಿಯವನು, ಆದರೂ ಭಾವನ ಜೊತೆ ಕೆರೆಗೆ ಹೋಗಿ ಹೋಗಿ ಮೀನು ಹಿಡಿಯುವುದನ್ನು ಅಷ್ಟಿಷ್ಟು ಕಲಿತಿದ್ದೆ. "ಅಕ್ಕಾ, ನೀರಿನ್ನೂ ಕೊರೀತಿದೆ. ಮೀನಿಗೆ ಚಳಿಯ ಜಡ ಬಿಟ್ಟಿರಲ್ಲ. ಈ ಕೆಂಪಿನ ಹಾಗೆ ಜೋರಾಗಿ ಓಡೋದನ್ನ ಅಟ್ಟಿಸ್ಕೊಂಡು ಬರಲ್ಲ" ಎಂದೆ. ಈ ಹೊತ್ತಿಗೆ ಮಣ್ಣುಬಣ್ಣದ ರಬ್ಬರಿನದನ್ನು ತಳದಲ್ಲಿ ನಿಧಾನ ಎಳೆಯಬೇಕು ಎಂದೂ ಹೇಳಿದೆ. ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು.

ಅಂದೇ ಕೆರೆಗೆ ಹೋಗಿ, ಬಿಸಿಲು ಬೀಳುವ, ನೀರು ಕಡಿಮೆಯಿರುವ ದಡ ಹುಡುಕಿ ನಿಂತೆವು. ಅಕ್ಕ ಎಸೆದ ಕೆಂಪು ಹುಸಿಮೀನು ಎರಡು ಸಲ ಬರಿದೇ ಓಲಾಡುತ್ತ ವಾಪಸು ಬಂತು. ಮುಂದಿನ ಸಲ ಮುಳುಗಿದ್ದ ಯಾವುದೋ ಬೊಡ್ಡೆಗೆ ಸಿಕ್ಕಿಕೊಂಡಿತು. ಎಷ್ಟು ಜಗ್ಗಿದರೂ ಬರಲಿಲ್ಲ. ನಾನು ಪ್ಯಾಂಟು ಮಡಚಿ ನೀರಿಗಿಳಿದೆ. ಕಾಲು ಮರಗಟ್ಟಿತು. ತಿರುಗಿ ನೋಡುವಷ್ಟರಲ್ಲಿ ಅವಳು ಕತ್ತರಿಯಿಂದ ದಾರ ಕತ್ತರಿಸಿದ್ದಳು.

"ಬಾ ಮೇಲೆ. ಎಲ್ಲಾನೂ ಆಮೇಲೆ, ಆಮೇಲೆ ಅಂತಾನೇ ಇಟ್ಕೊಂಡ್ರು ಅವರು. ಇದಾದ್ರೂ ನೀರು ಕಂಡ್ತಲ್ಲ."

ಅವಳ ಕಣ್ಣಲ್ಲಿ ನೀರಿರಲಿಲ್ಲ, ಕೋಪವಿತ್ತು. ನಾನು ದಡ ಹತ್ತಿದೆ. ಕಾಲು ಒರೆಸಿಕೊಂಡು, ರಬ್ಬರಿನದನ್ನು ಕಟ್ಟಿಕೊಟ್ಟೆ.

ಅವಳು ಈ ಸಲ ತಾಳ್ಮೆಯಿಂದ ಎಳೆದಳು, ನಿಲ್ಲಿಸಿದಳು, ಮತ್ತೆ ಎಳೆದಳು. ಬಹಳ ಹೊತ್ತಿನ ಮೇಲೆ ಕೋಲು ಬಾಗಿತು. ದಡಕ್ಕೆ ಬಂದ ಮೀನು ಮೊಳದುದ್ದವಿತ್ತು, ಬಾಯಿ ತುಂಬ ಹಲ್ಲು. ಹೊಟ್ಟೆ ಮೊಟ್ಟೆಯಿಂದ ಬಿಗಿದಿತ್ತು. ಅಕ್ಕ ಅದನ್ನು ಮುಟ್ಟಿ ನೋಡಿ, ಬಿಡು ಎಂದಳು. ಊಟದ ಆಸೆ ನುಂಗಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಮೀನು ಅರೆಗಳಿಗೆ ಅಲ್ಲೇ ನಿಂತು, ಆಮೇಲೆ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಊಟಕ್ಕೆಂದು ಬ್ರೆಡ್ಡು, ಆಲೂಗಡ್ಡೆ ಕೊಂಡೆವು. ಮುಂದಿನ ಭಾನುವಾರ ಇನ್ನೂ ಬೇಗ ಹೊರಡಬೇಕು ಎಂದಳು ಅಕ್ಕ. ಆಯಿತು ಎಂದೆ.